ಕುಡಿತದ ಕಾರಣ ತಿಳಿದರೆ ಮಾತುಕತೆ ಸುಲಭ

ರಾಜ್ಯದಲ್ಲಿ 2007ರ ಜುಲೈನಿಂದ ಸಾರಾಯಿ ಮಾರಾಟ ನಿಷೇಧವಾಗಿದ್ದರೂ ಕುಡಿತ ನಿಂತಿಲ್ಲ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದ ಮದ್ಯನಿಷೇಧ ಪಾದಯಾತ್ರೆಯಲ್ಲಿ ರಾಯಚೂರು ಜಿಲ್ಲೆಯ ಮಹಿಳೆಯರೂ ಹೆಜ್ಜೆ ಹಾಕಿದ್ದರು. ಅಕ್ರಮ ಮಾರಾಟ ತಡೆಯುವುದು ಅಬಕಾರಿ ಇಲಾಖೆಯ ಹೊಣೆ. ಮನೆಬಾಗಿಲಿನ ಮಾತುಕತೆ ಪಂಚಾಯಿತಿ ಸದಸ್ಯರು ಹಾಗೂ ಆಶಾ ಕಾರ್ಯಕರ್ತೆಯರಿಂದ ಸಾಧ್ಯ.

ಕುಡಿಯುವ ಕಾರಣಗಳನ್ನು ತಜ್ಞರು ಸ್ಥೂಲವಾಗಿ ನಾಲ್ಕೆಂದು ಗುರುತಿಸಿದ್ದಾರೆ: ಜೊತೆಗಾರರೊಡನೆ ಸಂಭ್ರಮ, ಅಮಲಿನ ಸುಖ, ಗುಂಪಿನಿಂದ ಹೊರಗುಳಿಯುವ ಅಂಜಿಕೆ, ನೋವು-ಚಿಂತೆಯ ಮರೆವು. ಕೊನೆಯದೇ ಹೆಚ್ಚು ಅಪಾಯಕಾರಿ. ಮಾನ್ವಿಯಲ್ಲಿ ಭತ್ತದ ಚೀಲ ಹೊರುವವರ ಬೆನ್ನುನೋವು, ದೇವದುರ್ಗದಿಂದ ಗುಳೆ ಹೋಗಿ ಬಂದವರ ಸಾಲದ ಚಿಂತೆ, ರಾಯಚೂರು ನಗರದ ಗಾರೆ ಕೆಲಸಗಾರರಿಗೆ ಬಟವಾಡೆಯ ಸಂಜೆ ಗೆಳೆಯರ ಒತ್ತಾಯ, ಇವೆಲ್ಲಕ್ಕೂ ಒಂದೇ ಉಪದೇಶ ಒಗ್ಗದು.

“ಯಾಕೆ ಕುಡೀತೀ?” ಎಂದು ಗದರಿದರೆ ಬಾಗಿಲು ಮುಚ್ಚುತ್ತದೆ. “ಯಾವ ಹೊತ್ತಿಗೆ ಬೇಕು ಅನಿಸುತ್ತದೆ, ಅಣ್ಣಾ?” ಎಂದರೆ ಉತ್ತರ ದೊರೆಯುತ್ತದೆ. ಬೆನ್ನುನೋವಿಗೆ ಚಿಕಿತ್ಸೆ ಕೊಡಿಸಬೇಕು. ಒತ್ತಾಯಕ್ಕೆ ಸಿಲುಕುವವರು ಬಟವಾಡೆಯ ದಿನ ಮನೆಯವರೊಡನೆ ಸಂತೆಗೆ ಹೋಗುವುದು ಲೇಸು. ನಿದ್ರೆಗೆಂದು ಕುಡಿದರೆ ನಡುರಾತ್ರಿ ಎಚ್ಚರವಾಗುವುದನ್ನು ಅವರ ಅನುಭವದಿಂದಲೇ ಹೇಳಿಸಬೇಕು. ಚಿಂತೆ ಹೆಚ್ಚಿದ್ದರೆ ಟೆಲಿ ಮಾನಸ್ ಉಚಿತ ಸಹಾಯವಾಣಿ 14416 ಇದೆ.

ಆದರೆ ಬೆಳಿಗ್ಗೆಯೇ ಕುಡಿಯುವವರಿಂದ, ಬಿಟ್ಟರೆ ಕೈ ನಡುಗುವವರಿಂದ ಒಮ್ಮೆಲೇ ನಿಲ್ಲಿಸುವ ಆಣೆ ಮಾಡಿಸಬಾರದು. ಫಿಟ್ಸ್, ಭ್ರಮೆ ಉಂಟಾಗಿ ಪ್ರಾಣಾಪಾಯವಾಗಬಹುದು. ಸಿ.ಎಚ್. ಪೌಡರ್ ಬೆರೆತ ಸೇಂದಿಗೆ ಒಗ್ಗಿದವರಿಗೂ ಇದು ಅನ್ವಯಿಸುತ್ತದೆ. ಇಂಥವರನ್ನು ತಾಲ್ಲೂಕು ಆಸ್ಪತ್ರೆಗೆ ಅಥವಾ ರಾಯಚೂರಿನ ರಿಮ್ಸ್‌ಗೆ ಕರೆದೊಯ್ದು, ವೈದ್ಯರ ನಿಗಾದಲ್ಲಿ ಬಿಡಿಸಬೇಕು.