ಪುಟ್ಟ ವಾಚಿನ ದೊಡ್ಡ ಕಷ್ಟ

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಸಂದಿಯಲ್ಲಿ ಇಂದಿಗೂ ಒಂದು ಎಚ್‌ಎಂಟಿ ವಾಚು ಸಿಕ್ಕೀತು. ಅಜ್ಜನದಾದರೆ ಜನತಾ ಅಥವಾ ಪೈಲಟ್, ಅಜ್ಜಿಯದಾದರೆ ಸುಜಾತಾ. ಸಂಗ್ರಹಕಾರರು ಮುಗಿಬೀಳುವುದು ಮೊದಲ ಎರಡಕ್ಕೆ. ಸುಜಾತಾಗೆ ‘ಲೇಡೀಸ್ ವಾಚು’ ಎಂಬ ಉದಾಸೀನ. ಇದು ಅನ್ಯಾಯ. ತಯಾರಿಸುವವರನ್ನು ಹೆಚ್ಚು ಕಾಡುವುದು ಆ ಪುಟ್ಟ ವಾಚೇ.

ಯಂತ್ರಗಳನ್ನು ತಯಾರಿಸುವ ಯಂತ್ರಗಳಿಗಾಗಿ 1953ರಲ್ಲಿ ಹುಟ್ಟಿದ ಎಚ್‌ಎಂಟಿ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಜಾಲಹಳ್ಳಿಯಲ್ಲಿ ವಾಚಿಗೆ ಕೈಹಾಕಿತು. ಲೇತ್ ಮಾಡುತ್ತಿದ್ದ ಸಂಸ್ಥೆ ಕೂದಲೆಳೆಯಂಥ ಸ್ಪ್ರಿಂಗಿನ ಲೋಕಕ್ಕೆ ಇಳಿಯಿತು. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದವರು ನೆಹರು. ಕಣ್ಣಿಗೆ ಭೂತಗಾಜು, ಕೈಯಲ್ಲಿ ಚಿಮುಟ ಹಿಡಿದು ವಾಚು ಜೋಡಿಸಿದವರಲ್ಲಿ ಹೆಣ್ಣುಮಕ್ಕಳ ಪಾಲು ದೊಡ್ಡದು.

ಪುಟ್ಟ ವಾಚಿನ ಕಷ್ಟ ತಿಳಿಯಲು ಮೊದಲು ವಾಚಿನ ಒಳಗೆ ಇಣುಕಬೇಕು. ಕೀ ಕೊಟ್ಟಾಗ ಬ್ಯಾರಲ್ ಎಂಬ ಡಬ್ಬಿಯೊಳಗಿನ ಸ್ಪ್ರಿಂಗ್ ಪಟ್ಟಿ ಬಿಗಿಯಾಗಿ ಸುತ್ತಿಕೊಳ್ಳುತ್ತದೆ. ಬಿಚ್ಚಿಕೊಳ್ಳುವ ಅದರ ಹಟವೇ ಇಡೀ ವಾಚಿನ ಅನ್ನ. ಆ ಬಲ ಹಲ್ಲುಚಕ್ರಗಳನ್ನು ದಾಟಿ ಎಸ್ಕೇಪ್ ಚಕ್ರಕ್ಕೆ ಬಂದಾಗ ಪ್ಯಾಲೆಟ್ ಎಂಬ ಕೊಂಡಿ ಅದನ್ನು ತಡೆದು, ಬಿಟ್ಟು, ಮತ್ತೆ ತಡೆಯುತ್ತದೆ. ಟಿಕ್ ಟಿಕ್ ಸದ್ದು ಬರುವುದು ಈ ತಡೆಯಿಂದಲೇ. ಯಾವಾಗ ಬಿಡಬೇಕೆಂದು ಹೇಳುವುದು ಹೇರ್‌ಸ್ಪ್ರಿಂಗಿನ ಜೊತೆ ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರ. ಜನತಾದಲ್ಲಿ ಅದು ಸೆಕೆಂಡಿಗೆ 5 ಸಲ, ದಿನಕ್ಕೆ 4,32,000 ಸಲ ತೂಗಬೇಕು.

ಡಯಲಿನ ಮೇಲಿನ ‘17 ಜುವೆಲ್ಸ್’ ನೋಡಿ ಒಳಗೆ ಆಸ್ತಿಯಿದೆ ಎಂದುಕೊಂಡವರಿಗೆ ನಿರಾಸೆಯೇ ಗತಿ. ಅವು ಕೃತಕ ಮಾಣಿಕ್ಯ. ಕುಲುಮೆಯಲ್ಲಿ ಅದನ್ನು ಬೆಳೆಸುವ ವಿಧಾನವನ್ನು ಫ್ರಾನ್ಸಿನ ವೆರ್ನೂಯ್ 1902ರಲ್ಲಿ ಪ್ರಕಟಿಸಿದ ಮೇಲೆ ಬೆಲೆ ಇಳಿದುಹೋಯಿತು. ಹಿತ್ತಾಳೆಯ ರಂಧ್ರದಲ್ಲಿ ಚಕ್ರದ ಅಚ್ಚಿನ ಉಕ್ಕಿನ ಮೊನೆ ತಿರುಗಿದರೆ ಸವೆಯುತ್ತದೆ, ನುಣುಪಾದ ಕಲ್ಲಿನಲ್ಲಾದರೆ ವರ್ಷಗಟ್ಟಲೆ ಬಾಳುತ್ತದೆ. ಹನಿ ಎಣ್ಣೆಯೂ ಅಲ್ಲೇ ನಿಲ್ಲುತ್ತದೆ.

ಇಷ್ಟನ್ನೂ ಕುಗ್ಗಿಸಿದರೆ ಸುಜಾತಾ ಆಗಬೇಕಲ್ಲ? ಆಗುವುದಿಲ್ಲ. ಬ್ಯಾಲೆನ್ಸ್ ಚಕ್ರವನ್ನು ಎಲ್ಲ ಅಳತೆಯಲ್ಲೂ ಅರ್ಧ ಮಾಡಿದರೆ ತೂಕ ಎಂಟನೆಯ ಒಂದಕ್ಕೆ ಇಳಿಯುತ್ತದೆ, ತೂಗಾಟವನ್ನು ಕಾಪಾಡುವ ಜಡತ್ವವಂತೂ 32ನೆಯ ಒಂದು ಪಾಲಿಗೆ! ಘರ್ಷಣೆ ಮಾತ್ರ ಅದೇ ಲೆಕ್ಕದಲ್ಲಿ ತಗ್ಗದು. ದೊಡ್ಡ ವಾಚು ಲೆಕ್ಕಿಸದ ಒಂದು ಕಣ ಧೂಳು ಇಲ್ಲಿ ಸಮಯವನ್ನೇ ಕೆಡಿಸುತ್ತದೆ. ಅದರ ಮೇಲೆ ಬಳೆಗಳ ತಾಕಲಾಟ, ಹಿಟ್ಟು ನಾದುವ ಕೈ, ಬೆವರು. ಇದಕ್ಕೇ ಹೆಂಗಸರ ವಾಚು ‘ಸರಿಯಾಗಿ ಓಡಲ್ಲ’ ಎಂಬ ಅಪವಾದ ಅಂಟಿತು. ಬೀರುವಿನಲ್ಲಿ ವರ್ಷಗಟ್ಟಲೆ ಸುಮ್ಮನಿದ್ದ ವಾಚಿಗೆ ತಕ್ಷಣ ಕೀ ಕೊಟ್ಟು ಓಡಿಸಬೇಡಿ; ಒಣಗಿದ ಎಣ್ಣೆ ಅಂಟಾಗಿರುತ್ತದೆ, ಮೊನೆಗಳು ಸವೆಯುತ್ತವೆ. ಮೊದಲು ಬಿಚ್ಚಿ ತೊಳೆಸಬೇಕು.

ಕುಗ್ಗಿಸುವ ಹುಚ್ಚಿನಲ್ಲಿ ಸ್ವಿಸ್ ಜನ ಎಲ್ಲರನ್ನೂ ಮೀರಿದರು. ಜೇಗರ್-ಲೆಕೂಲ್ತ್ರ್ 1929ರಲ್ಲಿ ಮಾಡಿದ ‘ಕ್ಯಾಲಿಬರ್ 101’ ಯಂತ್ರದ ಉದ್ದ 14 ಮಿ.ಮೀ., ಅಗಲ 4.8, ತೂಕ ಸುಮಾರು ಒಂದು ಗ್ರಾಂ. 1953ರ ಪಟ್ಟಾಭಿಷೇಕದಲ್ಲಿ ರಾಣಿ ಎಲಿಜಬೆತ್ ಕೈಯಲ್ಲಿದ್ದದ್ದು ಅದನ್ನೇ ಹೊತ್ತ ವಾಚು. ಆದರೆ ಅದು ರಾಣಿಯರ ಮಾತು. ಸುಜಾತಾ ಟೀಚರಮ್ಮನ ಸಂಬಳಕ್ಕೆ ಎಟುಕಬೇಕಿತ್ತು, ಸಾವಿರಗಟ್ಟಲೆ ತಯಾರಾಗಬೇಕಿತ್ತು. ಅದೇ ದೊಡ್ಡ ಸಾಹಸ ಎಂದು ನನ್ನ ಎಣಿಕೆ.

ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. ಜಾಲಹಳ್ಳಿಯಲ್ಲಿ 2019ರಿಂದ ಸಂಸ್ಥೆಯ ಪರಂಪರೆಯ ಮ್ಯೂಸಿಯಂ ಇದೆ. ಹೋದಾಗ ಜನತಾ, ಪೈಲಟ್ ನೋಡಿ ಹಿಂತಿರುಗದೆ ಹೆಂಗಸರ ವಾಚುಗಳ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಿ.