ಪೌತಿ ಖಾತೆಯಾಗದ ಆಸ್ತಿ

ಮೊಬೈಲಿಗೆ ಗ್ಲಾಸ್ ಹಾಕಿಸಲೆಂದು ಕೊಳ್ಳೇಗಾಲ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯೊಂದಕ್ಕೆ ಹೋಗಿದ್ದೆ. ಒಳಗೆ ಒಂದು ವ್ಯಾಪಾರ ನಡೆದಿತ್ತು. ಮಾರುವವನು ಹನೂರು ಕಡೆಯ ಡಿಗ್ರಿ ಹುಡುಗ. ಕೊಳ್ಳುವವನು ಯಳಂದೂರಿನಿಂದ ಬಂದ ಪಿಯುಸಿ ಹುಡುಗ, ಜೊತೆಗೆ ಅವನ ದೊಡ್ಡಪ್ಪನ ಮಗ. ಸರಕು ಮಾತ್ರ ಕಣ್ಣಿಗೆ ಕಾಣುತ್ತಿರಲಿಲ್ಲ.

‘ಲಾಗಿನ್ ಯಾವ್ದು?’

‘ಟ್ವಿಟರು.’

‘ಒಂದೇನಾ? ಜೀಮೇಲು, ಫೇಸ್‌ಬುಕ್ಕು ಏನಾರ ಲಿಂಕ್ ಮಾಡ್ಬುಟ್ಟಿದ್ದಿಯಾ?’

‘ಒಂದೇ ಕನಣ್ಣ. ಮಾದಪ್ಪನಾಣೆ.’

ಮಾರಾಟಕ್ಕಿದ್ದದ್ದು ‘ಐಡಿ’. ಬಿಜಿಎಂಐ ಎಂಬ ಮೊಬೈಲ್ ಆಟದ ಖಾತೆ. ಮೂರು ವರ್ಷ ಆಡಿ, ಆಗಾಗ ದುಡ್ಡು ಕೊಟ್ಟು ಯುಸಿ ಎಂಬ ಆಟದ ನಾಣ್ಯ ಹಾಕಿಸಿ ಹುಡುಗ ಕೂಡಿಟ್ಟ ಉಡುಪು, ಬಂದೂಕಿನ ಬಣ್ಣ, ಹೆಸರು, ಮಾನ ಎಲ್ಲ ಅದರೊಳಗಿದೆ. ದೊಡ್ಡಪ್ಪನ ಮಗ ಒಂದೊಂದನ್ನೂ ತೆಗೆಸಿ ನೋಡಿದ. ಎಂ416 ಬಂದೂಕಿಗೆ ಗ್ಲೇಸಿಯರ್ ಸ್ಕಿನ್ ಇದೆಯೋ ಇಲ್ಲವೋ ಎನ್ನುವುದರ ಮೇಲೆ ರೇಟು ಏರುತ್ತದೆ, ಇಳಿಯುತ್ತದೆ. ಸಂತೆಯಲ್ಲಿ ಹೋರಿಯ ಹಲ್ಲು ಹಿಡಿದು ನೋಡುವವರ ಮುಖದಲ್ಲಿ ಇದೇ ಗಾಂಭೀರ್ಯ ಕಂಡಿದ್ದೇನೆ. ಅವರ ಭಯವೆಲ್ಲ ‘ಪುಲ್ ಬ್ಯಾಕ್’ನದು. ಮಾರಿದವನು ಆಮೇಲೆ ಹಳೆಯ ಮೇಲ್ ಹಿಡಿದು ಪಾಸ್‌ವರ್ಡ್ ಬದಲಿಸಿ ಐಡಿಯನ್ನು ವಾಪಸ್ ಎಳೆದುಕೊಂಡರೆ ದುಡ್ಡೂ ಹೋಯಿತು, ಸರಕೂ ಹೋಯಿತು. ದೂರು ಕೊಡಲು ಜಾಗವಿಲ್ಲ. ಏಕೆಂದರೆ ಆಟದ ಕಂಪನಿಯ ಕಾಗದದ ಪ್ರಕಾರ ಈ ವ್ಯಾಪಾರವೇ ನಿಷಿದ್ಧ. ಖಾತೆಯನ್ನು ಮಾರುವಂತಿಲ್ಲ, ಇನ್ನೊಬ್ಬರಿಗೆ ಕೊಡುವಂತಿಲ್ಲ. ಒಳಗಿರುವ ಉಡುಪು, ಬಂದೂಕು, ಯುಸಿ ಯಾವುದೂ ಆಟಗಾರನ ಸ್ವತ್ತಲ್ಲ, ಬಳಸಿಕೊಳ್ಳಲು ಕೊಟ್ಟ ಅನುಮತಿ, ಎಂದರೆ ಲೈಸೆನ್ಸ್ ಅಷ್ಟೇ. ಹಾಗಾಗಿ ಛಾಪಾ ಕಾಗದದ ಜಾಗದಲ್ಲಿ ಮಾದಪ್ಪ ಬಂದು ನಿಲ್ಲುತ್ತಾನೆ.

ಲೈಸೆನ್ಸ್ ಎಂದರೆ ಏನೆಂದು ಕೊಳ್ಳೇಗಾಲದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಗೂಡು ಕೊಳ್ಳಬೇಕಾದರೆ ರೀಲರ್ ಹತ್ತಿರ ಲೈಸೆನ್ಸ್ ಇರಬೇಕು, 1959ರ ಕಾಯ್ದೆಯ ಕಾಲದಿಂದ ಅದು ನಿಯಮ. ಆದರೆ ಒಮ್ಮೆ ದುಡ್ಡು ಕಟ್ಟಿ ಗೂಡು ತಂದ ಮೇಲೆ ಅದು ರೀಲರ್‌ನದು. ಬೇಯಿಸಲಿ, ನೂಲು ತೆಗೆಯಲಿ, ಮಾರಲಿ, ಯಾರೂ ಮನೆಗೆ ಬಂದು ಬುಟ್ಟಿ ಎತ್ತಿಕೊಂಡು ಹೋಗುವುದಿಲ್ಲ. ಅಲ್ಲಿ ಲೈಸೆನ್ಸ್ ಇರುವುದು ಕೊಳ್ಳುವುದಕ್ಕೆ. ಆಟದಲ್ಲಿ ಕೊಂಡದ್ದೇ ಲೈಸೆನ್ಸು. ಗೂಡು ಎಂದೆಂದಿಗೂ ಕಂಪನಿಯದೇ.

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಈ ವ್ಯತ್ಯಾಸ ಇನ್ನೂ ಚೆನ್ನಾಗಿ ಗೊತ್ತು. ಜೇನು, ನೆಲ್ಲಿಕಾಯಿ, ಪಾಚಿ ತರುವುದು ಅನುಮತಿಯ ಮಾತಾಗಿದ್ದಾಗ ಒಂದು ಆದೇಶ ಬಂದರೆ ಸಾಕಿತ್ತು, ನಿಲ್ಲುತ್ತಿತ್ತು, ನಿಂತದ್ದೂ ಉಂಟು. ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಸಮುದಾಯ ಹಕ್ಕುಪತ್ರ ಸಿಕ್ಕ ಮೇಲೆ ಅದೇ ಕೆಲಸ ಹಕ್ಕಾಯಿತು. ಕಾಡನ್ನೂ ಮೊಬೈಲ್ ಆಟವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ, ಒಪ್ಪುತ್ತೇನೆ. ಒಂದು ಹೊಟ್ಟೆಪಾಡು, ಇನ್ನೊಂದು ಹೊತ್ತು ಕಳೆಯುವುದು. ಆದರೂ ಅನುಮತಿ ಬೇರೆ, ಹಕ್ಕು ಬೇರೆ ಎಂಬ ಮಾತಿಗೆ ಇದಕ್ಕಿಂತ ಹತ್ತಿರದ ಸಾಕ್ಷಿ ನನಗೆ ಸಿಗಲಿಲ್ಲ.

ನಮ್ಮ ಹುಡುಗರು ಇದನ್ನು ಮೊದಲು ಕಲಿತದ್ದು 2020ರ ಸೆಪ್ಟೆಂಬರ್ 2ರಂದು. ಕೊರೊನಾ ಕಾಲ, ಶಾಲೆ ಮುಚ್ಚಿತ್ತು. ಆನ್‌ಲೈನ್ ಕ್ಲಾಸಿಗೆಂದು ಮನೆಯವರು ಸಾಲಸೋಲ ಮಾಡಿ ತಂದ ಫೋನಿನಲ್ಲಿ ಪಬ್‌ಜಿ ಬಂದು ಕೂತಿತ್ತು. ಆ ದಿನ ಕೇಂದ್ರ ಸರ್ಕಾರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಸೆಕ್ಷನ್ ಅಡಿ 118 ಆ್ಯಪ್‌ಗಳನ್ನು ನಿಷೇಧಿಸಿತು, ಪಬ್‌ಜಿಯೂ ಅದರಲ್ಲಿತ್ತು. ಅಕ್ಟೋಬರ್ 30ಕ್ಕೆ ಸರ್ವರ್ ಪೂರ್ತಿ ನಿಂತಿತು. ಮುಂದಿನ ವರ್ಷ ಜುಲೈ 2ಕ್ಕೆ ದಕ್ಷಿಣ ಕೊರಿಯಾದ ಕ್ರಾಫ್ಟನ್ ಕಂಪನಿ ಅದನ್ನೇ ಬಿಜಿಎಂಐ ಎಂಬ ಹೆಸರಿನಲ್ಲಿ ಮತ್ತೆ ತಂದಿತು. ಹಳೆಯ ಖಾತೆಯ ಸಾಮಾನನ್ನು ಹೊಸದಕ್ಕೆ ಸಾಗಿಸಲು ಒಂದಷ್ಟು ಕಾಲ ದಾರಿಯನ್ನೂ ಬಿಟ್ಟಿತ್ತು. ಪಾಸ್‌ವರ್ಡ್ ಮರೆತವರು ಬಾಗಿಲಲ್ಲೇ ನಿಂತರು. 2022ರ ಫೆಬ್ರುವರಿ 14ರಂದು ಫ್ರೀ ಫೈರ್ ಎಂಬ ಇನ್ನೊಂದು ಆಟವೂ ನಿಷೇಧವಾಗಿ ಹೋಯಿತು, ಅದರ ಅಣ್ಣನಂತಿದ್ದ ಫ್ರೀ ಫೈರ್ ಮ್ಯಾಕ್ಸ್ ಉಳಿಯಿತು. ಅದೇ ವರ್ಷ ಜುಲೈ 28ರಂದು ಬಿಜಿಎಂಐ ಕೂಡ ಪ್ಲೇ ಸ್ಟೋರಿನಿಂದ ಮಾಯವಾಯಿತು, ಹತ್ತು ತಿಂಗಳಾದ ಮೇಲೆ 2023ರ ಮೇ ಕೊನೆಯಲ್ಲಿ ಮರಳಿತು.

ಇಲ್ಲಿ ಬಾಗಿಲು ಹಾಕಿದ್ದು ಸರ್ಕಾರ, ಕಂಪನಿಯಲ್ಲ. ಆದರೆ ಬಾಗಿಲು ಬಿದ್ದಾಗಲೇ ಮನೆ ಯಾರದೆಂದು ತಿಳಿಯುವುದು. ಫ್ರೀ ಫೈರಿನ ಡೈಮಂಡಿಗೆ, ಯುಸಿಗೆ ಹಾಕಿದ ದುಡ್ಡು ಏನಾಯಿತೆಂದು ಕೇಳಿದವರಿಗೆ ಕಾಗದದಲ್ಲಿ ಉತ್ತರ ಮೊದಲೇ ಬರೆದಿತ್ತು: ಸೇವೆ ಯಾವಾಗ ಬೇಕಾದರೂ ನಿಲ್ಲಬಹುದು, ಹಣ ವಾಪಸ್ ಇಲ್ಲ.

ಆ ಹತ್ತು ತಿಂಗಳು ಹುಡುಗರು ಏನು ಮಾಡಿದರೆನ್ನುವುದು ಸ್ವಾರಸ್ಯ. ಸ್ಟೋರಿನಿಂದ ತೆಗೆದರೂ ಮೊದಲೇ ಹಾಕಿಕೊಂಡಿದ್ದ ಫೋನಿನಲ್ಲಿ ಆಟ ನಡೆಯುತ್ತಿತ್ತು. ಹಾಗಾಗಿ ‘ಫೋನ್ ಫಾರ್ಮ್ಯಾಟ್ ಮಾಡ್ಬ್ಯಾಡ’ ಎನ್ನುವುದೇ ಮಂತ್ರವಾಯಿತು. ಸ್ಕ್ರೀನ್ ಒಡೆದ ಫೋನನ್ನು ರಿಪೇರಿಗೆ ಕೊಡಲು ಹೆದರಿ, ಬೆರಳು ಕುಯ್ಯಿಸಿಕೊಂಡೇ ಆಡಿದ ಒಬ್ಬನನ್ನು ನಾನು ಬಲ್ಲೆ. ಉಳಿದವರು ಟೆಲಿಗ್ರಾಮಿನಲ್ಲಿ ಆಟ ಹಾಕಿಕೊಳ್ಳುವ ಎಪಿಕೆ ಫೈಲು ಹುಡುಕಿದರು, ಒಬ್ಬರಿಂದೊಬ್ಬರಿಗೆ ದಾಟಿಸಿದರು. ದಾಟಿಸಲು ಬಳಸುತ್ತಿದ್ದ ಶೇರ್‌ಇಟ್ 2020ರ ಜೂನ್‌ನಲ್ಲೇ ನಿಷೇಧದ ಪಟ್ಟಿ ಸೇರಿತ್ತು, ಅದು ಬೇರೆ ಕಥೆ.

ಷರತ್ತುಗಳನ್ನು ಓದುವ ಮಾತಂತೂ ಇಲ್ಲ. ಓದಬೇಕೆಂದರೂ ಆ ಉದ್ದದ ಇಂಗ್ಲಿಷು ಯಾರ ಗಂಟಲಲ್ಲಿ ಇಳಿದೀತು? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಮಾಹಿತಿ ಪಡೆಯಲು ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲೂ, ಎಂದರೆ ಕನ್ನಡದಲ್ಲೂ, ಓದುವ ಅವಕಾಶ ಕೊಡಬೇಕೆನ್ನುತ್ತದೆ. ಆದರೆ ‘ನೀನು ಕೊಂಡದ್ದು ನಿನ್ನದಲ್ಲ’ ಎನ್ನುವ ಕರಾರು ಕನ್ನಡದಲ್ಲಿರಬೇಕೆಂದು ಅದು ಹೇಳುವುದಿಲ್ಲ.

ಇನ್ನೊಂದು ತಮಾಷೆಯಿದೆ. ಬಿಜಿಎಂಐನಲ್ಲಿ ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರೇ ಗಂಟೆ ಆಟ, ಮೇಲೆ ಅಪ್ಪನ ನಂಬರಿಗೆ ಒಟಿಪಿ. ಅಪ್ಪನ ಸಿಮ್ಮು ಇರುವುದು ಮಗನ ಕೈಯಲ್ಲೇ! ಇಲ್ಲವೇ ಎಲ್ಲರೂ ಇಪ್ಪತ್ತು ದಾಟಿದವರೆಂದು ಬರೆದುಕೊಂಡಿದ್ದಾರೆ. ಕಾನೂನಿನ ಲೆಕ್ಕದಲ್ಲಿ ಹದಿನೈದರ ಹುಡುಗ ಒತ್ತಿದ ‘ಒಪ್ಪಿದೆ’ಗೆ ಬೆಲೆಯೇ ಇಲ್ಲ. ಅಪ್ರಾಪ್ತರ ಕರಾರು ಹುಟ್ಟಿನಿಂದಲೇ ಶೂನ್ಯವೆಂದು ಪ್ರಿವಿ ಕೌನ್ಸಿಲ್ 1903ರಲ್ಲಿ, ಮೊಹೊರಿ ಬೀಬಿ ಪ್ರಕರಣದಲ್ಲಿ ಹೇಳಿಯಾಗಿದೆ. ಹೇಳಿದರೇನು, ಐಡಿ ಬ್ಯಾನ್ ಆದರೆ ಆದ ಹಾಗೆಯೇ.

ಸರ್ಕಾರದ ಕೈಯಿಲ್ಲದೆ ಕಂಪನಿಯೇ ಕಿತ್ತುಕೊಂಡ ನಿದರ್ಶನಕ್ಕೆ ಕಡಲಾಚೆ ಹೋಗಬೇಕು. ಫ್ರಾನ್ಸಿನ ಯೂಬಿಸಾಫ್ಟ್ 2014ರಲ್ಲಿ ‘ದಿ ಕ್ರೂ’ ಎಂಬ ಕಾರ್ ರೇಸಿನ ಆಟ ತಂದಿತು. ಒಬ್ಬನೇ ಕೂತು ಆಡಿದರೂ ಅದಕ್ಕೆ ಸರ್ವರ್ ಬೇಕು. 2024ರ ಮಾರ್ಚ್ 31ರಂದು ಸರ್ವರ್ ನಿಲ್ಲಿಸಿದರು. ಅಷ್ಟಕ್ಕೇ ಬಿಡದೆ, ಕೆಲವೇ ದಿನಗಳಲ್ಲಿ ಕೊಂಡವರ ಖಾತೆಯಿಂದ ಲೈಸೆನ್ಸನ್ನೂ ಹಿಂಪಡೆದರು. ದುಡ್ಡು ಕೊಟ್ಟು ತಂದ ಡಿಸ್ಕು ಮೇಜಿನ ಮೇಲಿದೆ, ಆಡಲಾಗದು. ರಾಸ್ ಸ್ಕಾಟ್ ಎಂಬ ಯೂಟ್ಯೂಬರ್ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಎಂದು ಚಳವಳಿ ಹೂಡಿದ. ಚಳವಳಿಯವರ ಬೇಡಿಕೆ ಬಹಳ ಸಣ್ಣದು: ಎಂದೆಂದಿಗೂ ಸರ್ವರ್ ನಡೆಸಿ ಎಂದಲ್ಲ, ನಿಲ್ಲಿಸಿ ಹೋಗುವಾಗ ಆಟವನ್ನು ಆಡುವ ಸ್ಥಿತಿಯಲ್ಲಿ ಬಿಟ್ಟುಹೋಗಿ. ಯುರೋಪಿನ ನಾಗರಿಕ ಮನವಿಗೆ ಬೇಕಿದ್ದ ಹತ್ತು ಲಕ್ಷ ಸಹಿ 2025ರ ಜುಲೈನಲ್ಲಿ ದಾಟಿತು. ಬ್ರಿಟನ್ನಿನಲ್ಲಿ ಲಕ್ಷ ಸಹಿ ಬಿದ್ದು, ನವೆಂಬರಿನಲ್ಲಿ ಸಂಸತ್ತಿನಲ್ಲೂ ಚರ್ಚೆಯಾಯಿತು. ಕಾನೂನು ಬದಲಾಗುವ ಮೊದಲೇ ಕಂಪನಿ ಒಂದಿಷ್ಟು ಬಾಗಿತು, ‘ದಿ ಕ್ರೂ 2’ಕ್ಕೆ ಆಫ್‌ಲೈನ್ ಆಡುವ ಸೌಲಭ್ಯ ಕೊಟ್ಟಿತು. ಮೊದಲ ಆಟವನ್ನು ಅಭಿಮಾನಿಗಳೇ ತಮ್ಮದೊಂದು ಸರ್ವರ್ ಕಟ್ಟಿ ಎಬ್ಬಿಸಿಕೊಂಡರು.

ಆಫ್‌ಲೈನ್ ಎನ್ನುವ ಪದದ ಬೆಲೆ ಪ್ಯಾರಿಸ್ಸಿಗಿಂತ ಹನೂರಿನಲ್ಲಿ ಹೆಚ್ಚು. ಮಹದೇಶ್ವರ ಬೆಟ್ಟದ ಸುತ್ತಿನ ಕಾಡೂರುಗಳಲ್ಲಿ ಸಿಗ್ನಲ್ ಇರುವ ಬಂಡೆ ಯಾವುದು, ಮರ ಯಾವುದೆಂದು ಮಕ್ಕಳಿಗೆ ಗೊತ್ತು. ಒಬ್ಬನೇ ಆಡುವ ಆಟಕ್ಕೂ ಸದಾ ನೆಟ್ ಬೇಕೆನ್ನುವ ಷರತ್ತು ಅಲ್ಲಿಯ ಹುಡುಗನಿಗೆ ನೇರ ‘ನಿನಗಲ್ಲ’ ಎಂದಂತೆ.

ಕಂಪ್ಯೂಟರ್ ಆಟಗಳ ದೊಡ್ಡ ಅಂಗಡಿ ಸ್ಟೀಮ್, 2015ರಿಂದ ರೂಪಾಯಿಯಲ್ಲೇ ವ್ಯಾಪಾರ ಮಾಡುತ್ತಿದೆ. ನೀವು ಕೊಳ್ಳುತ್ತಿರುವುದು ಲೈಸೆನ್ಸ್ ಎಂಬ ಸಾಲು 2024ರ ಅಕ್ಟೋಬರಿನಿಂದ ಅಲ್ಲಿ ದುಡ್ಡು ಕಟ್ಟುವ ಪುಟದಲ್ಲೇ ಕಾಣುತ್ತದೆ. ಒಳ್ಳೆಯತನದಿಂದ ಬಂದದ್ದಲ್ಲ ಎಂದೇ ನನ್ನ ಅನುಮಾನ. ಕೈಗೆ ಪೂರ್ತಿ ಕೊಡದ ಡಿಜಿಟಲ್ ಸರಕಿಗೆ ‘ಖರೀದಿ’ ಎಂದು ಸುಮ್ಮನೆ ಬರೆಯಬಾರದೆಂಬ ಕಾನೂನಿಗೆ ಅದರ ಹಿಂದಿನ ತಿಂಗಳಷ್ಟೇ ಕ್ಯಾಲಿಫೋರ್ನಿಯಾದಲ್ಲಿ ಸಹಿ ಬಿದ್ದಿತ್ತು. ಅದೇ ವರ್ಷ, ಸತ್ತ ಮೇಲೆ ಖಾತೆಯನ್ನು ಉಯಿಲು ಬರೆದು ಮಕ್ಕಳಿಗೆ ಬಿಡಬಹುದೇ ಎಂದು ಒಬ್ಬರು ಕೇಳಿದ್ದಕ್ಕೆ ಸ್ಟೀಮಿನವರು ಆಗದು ಎಂದಿದ್ದರು. ತಾಲ್ಲೂಕು ಕಚೇರಿಯಲ್ಲಿ ಪೌತಿ ಖಾತೆಗಾಗಿ ವರ್ಷಗಟ್ಟಲೆ ಅಲೆದವರನ್ನು ಕಂಡಿದ್ದೇನೆ. ಅಲೆದಾದರೂ ಆದೀತು. ಇಲ್ಲಿ ಅರ್ಜಿ ಹಾಕುವ ಕಿಟಕಿಯೇ ಇಲ್ಲ. ನಮ್ಮಜ್ಜಿಯ ಅಳಗುಳಿ ಮಣೆ ಮಾತ್ರ ಹುಣಸೆಬೀಜದ ಡಬ್ಬಿ ಸಮೇತ ಯಾವ ಖಾತೆ ಬದಲಾವಣೆಯೂ ಇಲ್ಲದೆ ನಮ್ಮ ಮನೆಗೆ ಬಂದಿದೆ.

ನಾನೇನೂ ಸಾಚಾ ಅಲ್ಲ. ನನ್ನ ಕಾಲದಲ್ಲಿ ಜಿಟಿಎ ವೈಸ್ ಸಿಟಿ ಆಟ ಎಂದರೆ ಸೈಬರ್ ಸೆಂಟರಿನವನು ಮಾರ್ಕರ್ ಪೆನ್ನಿನಲ್ಲಿ ಹೆಸರು ಬರೆದು ಕೊಡುತ್ತಿದ್ದ ಬಿಳಿ ಸಿಡಿ. ಅದನ್ನು ಮಾಡಿದವರಿಗೆ ನನ್ನಿಂದ ನಯಾಪೈಸೆ ಹೋಗಿಲ್ಲ. ಆ ಕಳ್ಳ ಸಿಡಿಯಲ್ಲಿ ಹಾಡುಗಳೆಲ್ಲ ಹಾಗೇ ಇವೆ. ಅದೇ ಸರಣಿಯ ‘ಜಿಟಿಎ 4’ ಆಟವನ್ನು ಸ್ಟೀಮಿನಲ್ಲಿ ನ್ಯಾಯವಾಗಿ ಕೊಂಡವರಿಗೆ 2018ರಲ್ಲಿ ಒಂದು ಅಪ್‌ಡೇಟ್ ಬಂತು, ಹಾಡುಗಳ ಲೈಸೆನ್ಸ್ ಮುಗಿದಿದೆಯೆಂದು ಕಾರಿನ ರೇಡಿಯೊದಿಂದ ಎಷ್ಟೋ ಹಾಡುಗಳನ್ನು ಕಿತ್ತುಹಾಕಿತು. ಕದ್ದವನ ಮನೆ ತುಂಬಿದೆ, ಕೊಂಡವನ ಮನೆಯಿಂದ ಕಳುವಾಗಿದೆ. ನಕಲು ಸಮರ್ಥನೆಗೆ ಇದನ್ನು ಹೇಳುತ್ತಿಲ್ಲ, ಆದರೆ ಇದಕ್ಕೆ ಕಂಪನಿಗಳ ಬಳಿ ಉತ್ತರವಿರುವುದನ್ನು ನಾನು ಕೇಳಿಲ್ಲ. ಅನುಮತಿ ಪತ್ರವಿಲ್ಲದೆ ಸಾಫ್ಟ್‌ವೇರ್ ಮಾರುವುದು ಕಷ್ಟ, ಒಂದು ಪ್ರತಿ ಸಾವಿರವಾಗಲು ಕ್ಷಣ ಸಾಕು, ನಿಜ. ನನ್ನ ತಕರಾರು ಇರುವುದು ‘ಖರೀದಿ’ ಎಂಬ ಗುಂಡಿಯ ಮೇಲಿನ ಪದಕ್ಕೆ. ಭೋಗ್ಯಕ್ಕೆ ಕೊಡುವವರು ಕ್ರಯ ಎಂದು ಬರೆಯಬಾರದು. ಭೋಗ್ಯಕ್ಕಾದರೂ ಅವಧಿ ಇರುತ್ತದೆ, ಬಿಡಿಸುವಾಗ ದುಡ್ಡು ವಾಪಸ್ ಬರುತ್ತದೆ.

ನಮ್ಮಲ್ಲಿ ಕಾನೂನಿನ ದಾರಿ ಇಲ್ಲವೆಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ‘ಅನ್ಯಾಯದ ಕರಾರು’ ಎಂಬುದನ್ನು ಹೆಸರಿಸಿದೆ, ಸರಿಯಾದ ಕಾರಣವಿಲ್ಲದೆ ಒಬ್ಬರೇ ಮುರಿದುಕೊಳ್ಳಬಹುದಾದ ಒಪ್ಪಂದವನ್ನೂ ಅದರಲ್ಲಿ ಸೇರಿಸಿದೆ. ಆದರೆ ಅಂಥ ದೂರನ್ನು ಜಿಲ್ಲಾ ಆಯೋಗ ಕೇಳುವಂತಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ನಾನೂರು ರೂಪಾಯಿ ಯುಸಿಗಾಗಿ ಯಳಂದೂರಿನ ಹುಡುಗ ಚಾಮರಾಜನಗರ ಬಿಟ್ಟು ಬೆಂಗಳೂರಿಗೆ ಬಸ್ ಹತ್ತುವನೆ?

ಬೇರೆಡೆ ಆಟಗಾರರು ಕೋರ್ಟಿಗಿಂತ ಗುಂಪಿನ ಕೂಗನ್ನು ನೆಚ್ಚಿದ್ದಾರೆ. 2024ರ ಮೇ ತಿಂಗಳಲ್ಲಿ ‘ಹೆಲ್‌ಡೈವರ್ಸ್ 2’ ಆಟವನ್ನು ಸ್ಟೀಮಿನಲ್ಲಿ ಆಡುವವರೆಲ್ಲ ಸೋನಿಯ ಖಾತೆ ತೆರೆಯಲೇಬೇಕೆಂಬ ಷರತ್ತು ಬಂತು. ಆ ಖಾತೆ ತೆರೆಯುವ ಅವಕಾಶವೇ ಇಲ್ಲದ ದೇಶಗಳಲ್ಲೂ ಆಟ ಮಾರಾಟವಾಗಿತ್ತು. ಲಕ್ಷಗಟ್ಟಲೆ ಕೆಟ್ಟ ವಿಮರ್ಶೆ ಸುರಿದವು, ಕೆಲವೇ ದಿನಗಳಲ್ಲಿ ಸೋನಿ ಷರತ್ತು ಕೈಬಿಟ್ಟಿತು. ನಮ್ಮ ಕಡೆಯವರು ಸಹಿ ಹಾಕಿದವರೂ ಅಲ್ಲ, ವಿಮರ್ಶೆ ಬರೆದವರೂ ಅಲ್ಲ. ಕಾಗದ ಏನಾದರೂ ಹೇಳಿಕೊಳ್ಳಲಿ, ತಮ್ಮದೆಂದು ನಂಬಿ ಮಾರುತ್ತಾರೆ, ತಮ್ಮದಾಯಿತೆಂದು ನಂಬಿ ಕೊಳ್ಳುತ್ತಾರೆ. ನಡುವೆ ಮೊಬೈಲ್ ಅಂಗಡಿಯವನೇ ಸಬ್ ರಿಜಿಸ್ಟ್ರಾರ್.

ಅವತ್ತು ವ್ಯಾಪಾರ ಮೂರೂವರೆ ಸಾವಿರಕ್ಕೆ ಕುದುರಿತು. ಮೂರು ಸಾವಿರ ಕೈಗೆ, ಐನೂರು ಅಂಗಡಿಯವನ ಹತ್ತಿರ. ತಿಂಗಳು ಕಳೆದು ಪುಲ್ ಬ್ಯಾಕ್ ಆಗದಿದ್ದರೆ ಅದೂ ಹನೂರಿನವನಿಗೆ. ಪಾಸ್‌ವರ್ಡ್ ಬದಲಾಯಿತು, ಮೇಲ್ ಬದಲಾಯಿತು, ಒಟಿಪಿ ಬಂದಾಗಲೆಲ್ಲ ಎರಡು ತಲೆ ಒಂದೇ ಫೋನಿನ ಮೇಲೆ ಬಾಗಿದವು.

‘ಹೆಸ್ರು ಬದಲಾಯಿಸ್ಕ. ರೀನೇಮ್ ಕಾರ್ಡ್ ಒಂದದೆ, ಅದ್ನೂ ಬುಟ್ಟಿವ್ನಿ’ ಎಂದ ಮಾರಿದವನು.

ಕೊಂಡವನು ಅಲ್ಲೇ ತನ್ನ ಹೆಸರು ಹಾಕತೊಡಗಿದ. ಹನೂರಿನವನು ನೋಟು ಎಣಿಸುವುದನ್ನು ಅರ್ಧಕ್ಕೆ ಬಿಟ್ಟು, ಹಳೆಯ ಹೆಸರಿನ ಅಕ್ಷರಗಳು ಒಂದೊಂದೇ ಅಳಿಯುವುದನ್ನು ನೋಡುತ್ತ ನಿಂತಿದ್ದ. ಆಮೇಲೆ ಮತ್ತೆ ಮೊದಲಿಂದ ಎಣಿಸಿದ.