ಪ್ಲಗ್ ಕುಳಿಗೆ ಇಳಿಯುವ ಆಯಿಲ್

ಪೆಟ್ರೋಲ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್‌ಗೆ ಹೊರಗಡೆಯಿಂದ ಎಂಜಿನ್ ಆಯಿಲ್ ಸೋಕಬಾರದು. ಪ್ಲಗ್‌ನ ಕೆಳತುದಿ ಇಂಧನ ಉರಿಯುವ ಕೋಣೆಯೊಳಗೆ ಚಾಚಿರುತ್ತದೆ. ಕಿಡಿಗೆ ವಿದ್ಯುತ್ ಕಳಿಸುವ ಇಗ್ನಿಷನ್ ಕಾಯಿಲ್ ಕೂರುವ ಮೇಲ್ತುದಿ ಸದಾ ಒಣಗಿರಬೇಕು. ಆಯಿಲ್‌ನ ದಾರಿಯೇ ಬೇರೆ. ಅದು ಕ್ಯಾಮ್‌ಶಾಫ್ಟ್, ವಾಲ್ವ್‌ಗಳ ಮೇಲೆ ಹರಿದು, ಸಿಲಿಂಡರ್ ಹೆಡ್‌ನ ತೂತುಗಳ ಮೂಲಕ ತಳದ ಸಂಪ್‌ಗೆ ಮರಳುತ್ತದೆ. ಆದರೂ ಲಕ್ಷ ಕಿಲೋಮೀಟರ್ ದಾಟಿದ ಎಷ್ಟೋ ಕಾರುಗಳಲ್ಲಿ ಇಗ್ನಿಷನ್ ಕಾಯಿಲ್ ಎಳೆದು ತೆಗೆದರೆ ಅದರ ಉದ್ದನೆಯ ರಬ್ಬರ್ ಬೂಟ್ ಕಪ್ಪು ಆಯಿಲ್ ಮೆತ್ತಿಕೊಂಡೇ ಹೊರಬರುತ್ತದೆ. ಪ್ಲಗ್ ಕೂತ ಕುಳಿಯಲ್ಲಿ ಟಾರ್ಚ್ ಬಿಟ್ಟು ನೋಡಿದರೆ ತಳದಲ್ಲಿ ಆಯಿಲ್ ನಿಂತಿರುವುದು ಕಾಣುತ್ತದೆ.

ಹಳೆಯ ಎಂಜಿನ್‌ಗಳಿಗೆ ಈ ಕಾಯಿಲೆ ಅಷ್ಟಾಗಿ ಇರಲಿಲ್ಲ. ಅಂಬಾಸಿಡರ್ ಕಾರಿನ 1489 ಸಿಸಿ ಪೆಟ್ರೋಲ್ ಎಂಜಿನ್‌ನಲ್ಲಿ ಪ್ಲಗ್‌ಗಳು ಸಿಲಿಂಡರ್ ಹೆಡ್‌ನ ಪಕ್ಕದಲ್ಲಿ, ಬಾನೆಟ್ ಎತ್ತಿದೊಡನೆ ಕಾಣುವಂತೆ ಸಾಲಾಗಿ ಇರುತ್ತಿದ್ದವು. ಸಿಲಿಂಡರ್‌ಗೆ ನಾಲ್ಕು ವಾಲ್ವ್ ಬಂದ ಮೇಲೆ ಲೆಕ್ಕ ಬದಲಾಯಿತು. ಗಾಳಿ ಒಳಬರಲು ಎರಡು ವಾಲ್ವ್, ಹೊಗೆ ಹೊರಹೋಗಲು ಎರಡು ವಾಲ್ವ್, ಅವುಗಳನ್ನು ಒತ್ತಲು ಮೇಲೆ ಎರಡು ಕ್ಯಾಮ್‌ಶಾಫ್ಟ್. ಇಷ್ಟರ ನಡುವೆ ಪ್ಲಗ್‌ಗೆ ಉಳಿಯುವ ಜಾಗ ಸಿಲಿಂಡರ್‌ನ ನಟ್ಟನಡು ಮಾತ್ರ. ಎಂಜಿನ್‌ಗೆ ಅದರಿಂದ ಲಾಭವೇ ಆಯಿತು. ಕಿಡಿ ನಡುವೆ ಹೊತ್ತಿಕೊಂಡರೆ ಜ್ವಾಲೆ ಎಲ್ಲ ಕಡೆಗೂ ಹೆಚ್ಚುಕಮ್ಮಿ ಸಮಾನ ದೂರ ಸಾಗುತ್ತದೆ, ಇಂಧನ ಬೇಗ ಉರಿಯುತ್ತದೆ, ಇಂಧನ ತಾನಾಗಿ ಸಿಡಿಯುವ ನಾಕಿಂಗ್ ಕಡಿಮೆಯಾಗುತ್ತದೆ. 1912ರ ಫ್ರೆಂಚ್ ಗ್ರ್ಯಾನ್ ಪ್ರಿ ಗೆದ್ದ ಪೆಜೊ ಕಾರಿನಲ್ಲೇ ಎರಡು ಕ್ಯಾಮ್‌ಶಾಫ್ಟ್, ಸಿಲಿಂಡರ್‌ಗೆ ನಾಲ್ಕು ವಾಲ್ವ್‌ಗಳ ಎಂಜಿನ್ ಇತ್ತು. ಸಾಮಾನ್ಯರ ಕಾರಿಗೆ ಅದು ದೊಡ್ಡ ಪ್ರಮಾಣದಲ್ಲಿ ಇಳಿದದ್ದು 1980ರ ದಶಕದ ನಂತರ. 2003ರಲ್ಲಿ ಬಿಡದಿಯ ಟೊಯೋಟಾ ಕಾರ್ಖಾನೆಯಿಂದ ರಸ್ತೆಗಿಳಿದ ಕೊರೊಲಾದ 1.8 ಲೀಟರ್ ಎಂಜಿನ್ ಇದೇ ಜಾತಿಯದು.

ಪ್ಲಗ್ ನಡುವಿಗೆ ಹೋದ ಮೇಲೆ ಅದನ್ನು ತಲುಪಲು ಆಯಿಲ್ ಹರಿದಾಡುವ ಪ್ರದೇಶವನ್ನೇ ತೂರಿಕೊಂಡು ಇಳಿಯಬೇಕಾಯಿತು. ಅದಕ್ಕಾಗಿ ಪ್ರತಿ ಪ್ಲಗ್‌ಗೂ ಒಂದು ಕೊಳವೆ. ಬೋರ್‌ವೆಲ್‌ನ ಕೇಸಿಂಗ್ ಪೈಪ್ ಸುತ್ತಲಿನ ಮಣ್ಣು ಒಳಗೆ ಕುಸಿಯದಂತೆ ತಡೆಯುವ ಹಾಗೆ ಈ ಕೊಳವೆ ಸುತ್ತಲಿನ ಆಯಿಲ್ ಪ್ಲಗ್‌ನ ಮೇಲೆ ಬೀಳದಂತೆ ತಡೆಯುತ್ತದೆ. ಕೊಳವೆಯ ಕೆಳತುದಿ ಸಿಲಿಂಡರ್ ಹೆಡ್‌ನಲ್ಲಿ ಬಿಗಿಯಾಗಿ ಕೂತಿರುತ್ತದೆ. ಕೆಲವು ಎಂಜಿನ್‌ಗಳಲ್ಲಿ ಅದನ್ನು ಒತ್ತಿ ಕೂರಿಸಿರುತ್ತಾರೆ, ಕೆಲವುಗಳಲ್ಲಿ ತಿರುಪಿನ ಮರೆ (ಥ್ರೆಡ್) ಹಾಕಿ ತಿರುಗಿಸಿರುತ್ತಾರೆ, ಇನ್ನು ಕೆಲವುಗಳಲ್ಲಿ ಬುಡಕ್ಕೆ ಒಂದು ಓ-ರಿಂಗ್ ಇರುತ್ತದೆ. ಮೇಲ್ತುದಿಯು ಗ್ಯಾರೇಜಿನವರು ಟ್ಯಾಪೆಟ್ ಕವರ್ ಎನ್ನುವ ಮುಚ್ಚಳದ ತೂತಿಗೆ ಬಂದು ಸೇರುತ್ತದೆ. ಕೊಳವೆಗೂ ಕವರ್‌ಗೂ ನಡುವೆ ಒಂದು ರಬ್ಬರ್ ಸೀಲ್ ಇರುತ್ತದೆ. ಕುಳಿಗೆ ಆಯಿಲ್ ಇಳಿಯುವ ಪ್ರಕರಣಗಳಲ್ಲಿ ಹೆಚ್ಚಿನವಕ್ಕೆ ಈ ಮೇಲಿನ ಸೀಲೇ ಕಾರಣ.

ರಬ್ಬರ್ ಸೀಲ್ ಕೆಲಸ ಮಾಡುವುದು ತನ್ನ ಪುಟಿಯುವ ಗುಣದಿಂದ. ಒತ್ತಿದರೆ ಅದು ತಿರುಗಿ ಒತ್ತಬೇಕು. ಆ ಮರುಒತ್ತಡವೇ ಆಯಿಲ್‌ಗೆ ಅಡ್ಡಗಟ್ಟೆ. ಎಂಜಿನ್ ಆಯಿಲ್ ಮಾಮೂಲು ಓಟದಲ್ಲೇ ಸುಮಾರು 90ರಿಂದ 110 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿರುತ್ತದೆ. ಟ್ರಾಫಿಕ್‌ನಲ್ಲಿ ನಿಂತು ನಿಂತು ಹೋಗುವ ಕಾರಿನಲ್ಲಿ ಬಾನೆಟ್ ಕೆಳಗಿನ ಬಿಸಿ ಹೊರಹೋಗುವುದೂ ನಿಧಾನ. ವರ್ಷಾನುಗಟ್ಟಲೆ ಹೀಗೆ ಬೆಂದ ರಬ್ಬರ್ ಗಡುಸಾಗುತ್ತದೆ, ಒತ್ತಿದ ಆಕಾರದಲ್ಲೇ ನಿಂತುಬಿಡುತ್ತದೆ. ಹಳೆಯ ಸೀಲನ್ನು ಕೈಯಲ್ಲಿ ಹಿಡಿದು ಬಗ್ಗಿಸಿದರೆ ಇದು ತಾನಾಗಿ ತಿಳಿಯುತ್ತದೆ: ಹೊಸದು ಮಡಚಿ ಬಿಟ್ಟೊಡನೆ ಉಂಗುರವಾಗುತ್ತದೆ, ಹಳೆಯದು ಪ್ಲಾಸ್ಟಿಕ್‌ನಂತೆ ಲಟಕ್ಕೆಂದು ಮುರಿಯುತ್ತದೆ. ಯಾವ ರಬ್ಬರ್ ಎಂಬುದೂ ಮುಖ್ಯ. ಅಗ್ಗದ ನೈಟ್ರೈಲ್ ರಬ್ಬರ್ 100 ಡಿಗ್ರಿಯ ಆಸುಪಾಸಿನಲ್ಲೇ ದಣಿಯತೊಡಗುತ್ತದೆ. ಅಕ್ರಿಲಿಕ್ ರಬ್ಬರ್ ಸುಮಾರು 150 ಡಿಗ್ರಿವರೆಗೆ, ಫ್ಲೋರೋಕಾರ್ಬನ್ ರಬ್ಬರ್ 200ರವರೆಗೆ ತಾಳಿಕೊಳ್ಳುತ್ತದೆ. ನೋಡಲು ಎಲ್ಲವೂ ಒಂದೇ ಕಪ್ಪು ಉಂಗುರ. ಗುರುತಿಲ್ಲದ ಪ್ಯಾಕೆಟ್‌ನ ಸೀಲ್ ಕೊಂಡು ಉಳಿಸುವ ದುಡ್ಡು ಎರಡನೇ ಸಲದ ಕೂಲಿಗೆ ಸಾಲುವುದಿಲ್ಲ.

ಸೀಲ್ ಸೋಲುವುದಕ್ಕೆ ಇನ್ನೊಂದು ಕಾರಣವಿದೆ. ಅದನ್ನು ಗ್ಯಾರೇಜ್‌ಗಳಲ್ಲಿ ಬಹಳ ಸಲ ಮರೆಯುತ್ತಾರೆ. ಪಿಸ್ಟನ್ ರಿಂಗ್‌ಗಳನ್ನು ದಾಟಿ ಸ್ವಲ್ಪ ಅನಿಲ ಯಾವಾಗಲೂ ಎಂಜಿನ್ನಿನ ಕೆಳಭಾಗಕ್ಕೆ ನುಸುಳುತ್ತದೆ. 1960ರ ದಶಕದ ಆರಂಭದಿಂದ ಅಮೆರಿಕದ ಕಾರುಗಳಲ್ಲಿ, ಆಮೇಲೆ ಎಲ್ಲೆಡೆ, ಈ ಅನಿಲವನ್ನು ಹೊರಗೆ ಬಿಡದೆ ಪಿಸಿವಿ ವಾಲ್ವ್ ಎಂಬ ಪುಟ್ಟ ವಾಲ್ವ್ ಮೂಲಕ ಮತ್ತೆ ಎಂಜಿನ್ನಿಗೇ ಉಣಿಸುವ ಏರ್ಪಾಡು ಬಂತು. ಈ ವಾಲ್ವ್ ಅಥವಾ ಅದರ ಪೈಪ್ ಜಿಡ್ಡಿನಿಂದ ಕಟ್ಟಿಕೊಂಡರೆ ಎಂಜಿನ್ನಿನೊಳಗೆ ಒತ್ತಡ ಏರುತ್ತದೆ, ಆಯಿಲ್ ಸಿಕ್ಕ ಸಂದಿಯಲ್ಲೆಲ್ಲ ಹೊರನುಗ್ಗುತ್ತದೆ. ಪಿಸಿವಿ ನೋಡದೆ ಸೀಲ್ ಮಾತ್ರ ಬದಲಿಸುವುದು ಅರ್ಧ ರಿಪೇರಿ.

ಕುಳಿಗೆ ಬಿದ್ದ ಆಯಿಲ್ ತಕ್ಷಣ ಎಂಜಿನ್ ನಿಲ್ಲಿಸುವುದಿಲ್ಲ, ಏಕೆಂದರೆ ಶುದ್ಧ ಆಯಿಲ್ ವಿದ್ಯುತ್ ಹರಿಯಗೊಡುವುದಿಲ್ಲ. ಹಾನಿ ಬರುವುದು ನಿಧಾನವಾಗಿ. ಕಾಯಿಲ್‌ನ ರಬ್ಬರ್ ಬೂಟ್ ಆಯಿಲ್ ಕುಡಿದು ಊದುತ್ತದೆ, ಮೆತ್ತಗಾಗುತ್ತದೆ, ಸೀಳು ಬಿಡುತ್ತದೆ. ಮಸಿ, ಲೋಹದ ಪುಡಿ ಬೆರೆತ ಹಳೆಯ ಆಯಿಲ್ ಪ್ಲಗ್‌ನ ಬಿಳಿ ಪಿಂಗಾಣಿಯ ಮೇಲೆ ಪೊರೆ ಕಟ್ಟುತ್ತದೆ. ಕಾಯಿಲ್ ಕಳಿಸುವ ಒತ್ತಡ 20,000 ವೋಲ್ಟ್‌ಗೂ ಮೇಲೆ. ಆ ಒತ್ತಡಕ್ಕೆ ಸುಲಭದ ದಾರಿ ಸಿಕ್ಕರೆ ಸಾಕು, ಅದು ಪ್ಲಗ್‌ನ ತುದಿಯವರೆಗೆ ಇಳಿಯದೆ ಪಿಂಗಾಣಿಯ ಹೊರಮೈ ಮೇಲೆ ಜಾರಿ ಕೊಳವೆಯ ಗೋಡೆಗೆ ಹಾರಿಬಿಡುತ್ತದೆ. ಒಮ್ಮೆ ಹಾರಿದ ಜಾಗದಲ್ಲಿ ಕಪ್ಪು ಗೆರೆ ಸುಟ್ಟುಕೊಳ್ಳುತ್ತದೆ, ಮುಂದಿನ ಕಿಡಿಗೆ ಅದೇ ಹೆದ್ದಾರಿ. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನ್‌ನಲ್ಲಿ ಪ್ರತಿ ಸಿಲಿಂಡರ್‌ಗೆ ಸೆಕೆಂಡಿಗೆ 25 ಕಿಡಿ ಬೇಕು. ಅದರಲ್ಲಿ ಕೆಲವು ತಪ್ಪತೊಡಗಿದರೆ ಎಂಜಿನ್ ಮಿಸ್ಸಿಂಗ್ ಹೊಡೆಯುತ್ತದೆ, ಐಡ್ಲಿಂಗ್‌ನಲ್ಲಿ ನಡುಗುತ್ತದೆ, ಏರಿನಲ್ಲಿ ಪಿಕಪ್ ಸಾಲುವುದಿಲ್ಲ. ಚೆಕ್ ಎಂಜಿನ್ ದೀಪ ಹತ್ತಿ, ಸ್ಕ್ಯಾನರ್‌ನಲ್ಲಿ ಒಂದನೇ ಸಿಲಿಂಡರ್‌ದಾದರೆ ಪಿ0301 ಎಂಬ ಕೋಡ್ ಬರುತ್ತದೆ. ಉರಿಯದೆ ಉಳಿದ ಪೆಟ್ರೋಲ್ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಹೊತ್ತಿಕೊಂಡು ಅದನ್ನು ಕರಗಿಸಿಬಿಡಬಹುದು. ಈ ಇಡೀ ಸರಣಿಯಲ್ಲಿ ಅತಿ ಅಗ್ಗದ ವಸ್ತು ರಬ್ಬರ್ ಸೀಲ್, ಅತಿ ದುಬಾರಿಯದು ಈ ಕನ್ವರ್ಟರ್.

ರಿಪೇರಿಗೆ ಮೊದಲು ಆಯಿಲ್ ಎಲ್ಲಿಂದ ಬರುತ್ತಿದೆ ಎಂದು ತಿಳಿಯಬೇಕು. ಪ್ಲಗ್‌ನ ಪಿಂಗಾಣಿ ಮತ್ತು ಮರೆಯ ಮೇಲ್ಭಾಗ ಮಾತ್ರ ಒದ್ದೆಯಾಗಿ, ಕಿಡಿ ಹಾರುವ ತುದಿ ಒಣಗಿ ಕಂದುಬಣ್ಣದಲ್ಲಿದ್ದರೆ ತಪ್ಪು ಮೇಲಿನ ಸೀಲ್‌ನದು ಅಥವಾ ಕೊಳವೆಯ ಬುಡದ್ದು. ತುದಿಯೇ ಆಯಿಲ್‌ನಲ್ಲಿ ಮುಳುಗಿದಂತಿದ್ದು ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಬರುತ್ತಿದ್ದರೆ ಅದು ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್‌ನ ಕಾಯಿಲೆ. ಈ ಎರಡನ್ನು ಬೆರೆಸಿಕೊಂಡು, ಕುಳಿಯಲ್ಲಿ ಆಯಿಲ್ ಕಂಡೊಡನೆ ಎಂಜಿನ್ ಬಿಚ್ಚಬೇಕು ಎನ್ನುವವರ ಮಾತು ನಂಬಬೇಕಿಲ್ಲ.

ಕೆಲಸ ಶುರುವಾಗುವುದು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ. ಕಾಯಿಲ್‌ಗಳ ಕನೆಕ್ಟರ್ ಬಿಡಿಸಿ, ಬೋಲ್ಟ್ ತೆಗೆದು, ಕಾಯಿಲ್‌ಗಳನ್ನು ತುಸು ತಿರುಗಿಸುತ್ತ ನೇರಕ್ಕೆ ಎಳೆಯಬೇಕು. ಈ ಹಂತದಲ್ಲಿ ಪ್ಲಗ್ ಬಿಚ್ಚುವ ಆತುರ ಬೇಡ. ಕುಳಿಯಲ್ಲಿ ನಿಂತ ಆಯಿಲ್ ಪ್ಲಗ್ ತೆಗೆದೊಡನೆ ಮರಳು, ಧೂಳಿನ ಸಮೇತ ಸಿಲಿಂಡರ್‌ಗೆ ಇಳಿಯುತ್ತದೆ. ಸಿರಿಂಜ್‌ಗೆ ಸಣ್ಣ ಪೈಪ್ ಸಿಕ್ಕಿಸಿ ಆಯಿಲ್ ಹೀರಿ ತೆಗೆಯಬೇಕು, ಉಳಿದದ್ದನ್ನು ಕಡ್ಡಿಗೆ ಸುತ್ತಿದ ಬಟ್ಟೆಯಿಂದ ಒರೆಸಬೇಕು. ಆಮೇಲೆ ಪ್ಲಗ್ ತೆಗೆದು ತುದಿ ನೋಡಿ ಮತ್ತೆ ಕೂರಿಸಬೇಕು. ಹಳೆಯ ಪ್ಲಗ್‌ಗಳು ಕೆಲಸ ಮುಗಿಯುವವರೆಗೂ ಜಾಗದಲ್ಲೇ ಇದ್ದರೆ ಸಿಲಿಂಡರ್‌ಗೆ ಅವೇ ಬಿರಡೆ.

ಟ್ಯಾಪೆಟ್ ಕವರ್ ಬಿಚ್ಚಿದ ಮೇಲೆ ಹಳೆಯ ಸೀಲ್ ಯಾವ ಮುಖವಾಗಿ ಕೂತಿತ್ತು ಎಂದು ಗುರುತು ಮಾಡಿಕೊಳ್ಳುವುದು ಮುಖ್ಯ. ಒಂದು ಕಡೆ ತುಟಿ ಇರುವ ಸೀಲ್ ತಲೆಕೆಳಗಾಗಿ ಕೂತರೆ ಮೊದಲ ದಿನವೇ ಸೋರುತ್ತದೆ. ಹೊಸ ಸೀಲನ್ನು ಅದರ ಹೊರ ಅಂಚಿನಷ್ಟೇ ಅಗಲದ ಸಾಕೆಟ್ ಇಟ್ಟು ಒಂದೇ ಸಮನೆ ಒತ್ತಿ ಕೂರಿಸಬೇಕು, ಒಳತುಟಿಗೆ ತುಸು ಹೊಸ ಆಯಿಲ್ ಸವರಬೇಕು. ಕೆಲವು ಎಂಜಿನ್‌ಗಳಲ್ಲಿ ಸೀಲ್ ಕವರ್‌ಗೇ ಅಂಟಿಕೊಂಡು ಬರುತ್ತದೆ. ಆಗ ಇಡೀ ಕವರ್ ಬದಲಿಸದೆ ದಾರಿಯಿಲ್ಲ. ಕವರ್‌ನ ಸುತ್ತಲಿನ ಪ್ಯಾಕಿಂಗನ್ನೂ ಇದೇ ಸಲ ಬದಲಿಸುವುದು ಒಳ್ಳೆಯದು, ಸೀಲ್‌ನಷ್ಟೇ ವಯಸ್ಸು ಅದಕ್ಕೂ ಆಗಿರುತ್ತದೆ. ಅದು ಕೂರುವ ಜಾಗವನ್ನು ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಮಾತ್ರ ಕೆರೆಯಬೇಕು, ಅಲ್ಯೂಮಿನಿಯಂ ಮೇಲೆ ಉಳಿಯ ಗೀರು ಬಿದ್ದರೆ ಆಯಿಲ್‌ಗೆ ಹೊಸ ಕಾಲುವೆ ತೋಡಿದಂತೆ. ಸಿಲಿಕಾನ್ ಪೇಸ್ಟ್ ಬೇಕಾಗುವುದು ಟೈಮಿಂಗ್ ಚೈನ್ ಕವರ್ ಹೆಡ್‌ಗೆ ಸೇರುವ ಮೂಲೆಗಳಂಥ ಕಡೆ, ಅದೂ ಒಂದೊಂದು ಬೊಟ್ಟು. ಪ್ಯಾಕಿಂಗ್ ಉದ್ದಕ್ಕೂ ಪೇಸ್ಟ್ ಬಳಿಯುವ ರೂಢಿ ಕೆಟ್ಟದ್ದು: ಒಳಗೆ ಹಿಂಡಿಕೊಂಡ ಪೇಸ್ಟ್ ಕಿತ್ತುಬಂದು ಸಂಪ್‌ನ ಆಯಿಲ್ ಜರಡಿಯನ್ನು ಕಟ್ಟಿಬಿಡಬಹುದು.

ಕವರ್‌ನ ಬೋಲ್ಟ್‌ಗಳು ಸಣ್ಣವು. ಬಹುಪಾಲು ಕಾರುಗಳಲ್ಲಿ ಅವುಗಳ ಬಿಗಿತ 10 ನ್ಯೂಟನ್ ಮೀಟರ್ ಆಸುಪಾಸು. ಸರಿಯಾದ ಅಂಕಿ ಆಯಾ ಕಾರಿನ ಮ್ಯಾನುಯಲ್‌ನಲ್ಲಿರುತ್ತದೆ. ಟಾರ್ಕ್ ರೆಂಚ್ ಹಿಡಿದು ನಡುವಿನಿಂದ ಅಂಚಿನ ಕಡೆಗೆ, ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. ಸೋರಬಾರದೆಂದು ಜೋರಾಗಿ ಬಿಗಿದರೆ ಕವರ್ ಡೊಂಕಾಗುತ್ತದೆ, ಇಲ್ಲವೇ ಬೋಲ್ಟ್‌ನ ಮರೆ ಕಿತ್ತು ಬರುತ್ತದೆ. ಕೊನೆಗೆ ಪ್ಲಗ್ ಬದಲಿಸಿ, ಊದಿದ ಬೂಟ್‌ಗಳನ್ನೂ ಬದಲಿಸಬೇಕು. ಬೂಟ್ ಬೇರೆಯಾಗಿ ಸಿಗದಿದ್ದರೆ ಕಾಯಿಲನ್ನೇ ಹೊಸದು ಹಾಕಬೇಕು. ಎಂಜಿನ್ ಹತ್ತು ನಿಮಿಷ ಓಡಿಸಿ ಕವರ್‌ನ ಅಂಚು ನೋಡಬೇಕು. ಎಕ್ಸಾಸ್ಟ್ ಮೇಲೆ ಆಯಿಲ್ ತೊಟ್ಟಿಕ್ಕಿದರೆ ಸುಟ್ಟ ವಾಸನೆಯ ಜೊತೆ ಬೆಂಕಿಯ ಅಪಾಯವೂ ಉಂಟು.

ವಾರ ಕಳೆದ ಮೇಲೆ ಒಂದು ಕಾಯಿಲ್ ಎತ್ತಿ ಕುಳಿಯನ್ನು ಮತ್ತೆ ನೋಡಬೇಕು. ಹೊಸ ಸೀಲ್ ಹಾಕಿಯೂ ತಳದಲ್ಲಿ ಆಯಿಲ್ ಕಂಡರೆ ಕೊಳವೆಯ ಬುಡದ ಜೋಡಣೆ ಸಡಿಲಿರಬಹುದು. ಆಗ ಕೊಳವೆಯನ್ನು ಕಿತ್ತು, ಹೊಸ ಓ-ರಿಂಗ್ ಅಥವಾ ಸೀಲಂಟ್ ಹಾಕಿ ಮತ್ತೆ ಕೂರಿಸಬೇಕು. ಪ್ಲಗ್ ಬದಲಿಸುವ ಸರ್ವಿಸ್‌ಗೆ ಕಾರು ಬಿಡುವವರು, ಹಳೆಯ ಪ್ಲಗ್‌ಗಳನ್ನು ಎಸೆಯದೆ ಸಿಲಿಂಡರ್‌ನ ಸಾಲಿನಲ್ಲೇ ಇಟ್ಟು ತೋರಿಸುವಂತೆ ಮೆಕ್ಯಾನಿಕ್‌ಗೆ ಮೊದಲೇ ಹೇಳಿಡಿ.